ಕಾರಿನ ಬೇಸ್ ಎಲ್ಲಿ ಸೋರುತ್ತದೆ?

ಮಂಗಳೂರು, ಉಡುಪಿ ಕಡೆಯ ಮೊಸರು ಕುಡಿಕೆ ಮೆರವಣಿಗೆ ನೋಡಿದವರಿಗೆ ನಾಸಿಕ್ ಬ್ಯಾಂಡಿನ ಪರಿಚಯ ಹೇಳಬೇಕಿಲ್ಲ. ದೊಡ್ಡ ಢೋಲಿಗೆ ಕೋಲಿನ ಏಟು ಬಿದ್ದರೆ ಸದ್ದು ಕಿವಿಗೆ ಕೇಳುವುದರ ಜೊತೆಗೇ ಎದೆಗೂಡಿಗೂ ತಾಗುತ್ತದೆ. ಆ ಢೋಲಿಗೆ ಹೆಸರು ಕೊಟ್ಟ ನಾಸಿಕ, ಕಾರು ತಯಾರಿಸುವ ಊರೂ ಹೌದು. 2002ರಲ್ಲಿ ಮಾರುಕಟ್ಟೆಗೆ ಬಂದ ಮಹೀಂದ್ರ ಸ್ಕಾರ್ಪಿಯೊ ಅಲ್ಲಿನ ಕಾರ್ಖಾನೆಯಿಂದಲೇ ಹೊರಟಿತು. ಥಾರ್ ತಯಾರಾಗುವುದೂ ಅಲ್ಲೇ. ಅಲ್ಲಿಂದ ಪೂರ್ವಕ್ಕೆ ಛತ್ರಪತಿ ಸಂಭಾಜಿನಗರ, ಅಂದರೆ ಹಿಂದಿನ ಔರಂಗಾಬಾದ್. ಅದರ ಪಕ್ಕದ ಶೇಂದ್ರಾದಲ್ಲಿ 2001ರಿಂದ ಸ್ಕೋಡಾ ಕಾರುಗಳನ್ನು ಜೋಡಿಸುತ್ತಿದ್ದಾರೆ.

ಕಾರು ಈ ಎರಡು ಊರಿನದ್ದಿರಲಿ, ನಮ್ಮ ಬಿಡದಿಯದ್ದಿರಲಿ, ಕೊಂಡವರ ಬಾಯಲ್ಲಿ ಆಗಾಗ ಕೇಳಿಬರುವ ದೂರು ಒಂದೇ: ಹಾಡು ಸ್ಪಷ್ಟವಾಗಿದೆ, ಆದರೆ ಬೇಸ್ ಇಲ್ಲ. ಆಕ್ಸೆಸರಿ ಅಂಗಡಿಯಲ್ಲಿ ಇದಕ್ಕೆ ಸಿಗುವ ಉತ್ತರವೂ ಒಂದೇ: ಸ್ಪೀಕರ್ ಬದಲಿಸಿ, ಡಿಕ್ಕಿಯಲ್ಲಿ ಬೇಸ್‌ಗೆಂದೇ ಇರುವ ಸ್ಪೀಕರ್, ಅಂದರೆ ವೂಫರ್ ಇಡಿ. ಈ ಉತ್ತರ ಕೆಲವೊಮ್ಮೆ ಸರಿ. ಅನೇಕ ಸಲ ಮಾತ್ರ ಕಾರಿನಲ್ಲಿ ಬೇಸ್ ಹುಟ್ಟುತ್ತಲೇ ಇರುತ್ತದೆ. ಕಿವಿಗೆ ತಲುಪುವ ಮೊದಲೇ ಎಲ್ಲೋ ಸೋರಿಹೋಗಿರುತ್ತದೆ, ಇಲ್ಲವೇ ತನ್ನನ್ನು ತಾನೇ ಅಳಿಸಿಕೊಂಡಿರುತ್ತದೆ. ಆ ಜಾಗ ಹುಡುಕುವುದಕ್ಕೆ ಒಂದಿಷ್ಟು ಭೌತವಿಜ್ಞಾನ ಸಾಕು.

ಎಷ್ಟು ಗಾಳಿ ಅಲುಗಬೇಕು?

ಶಬ್ದವೆಂದರೆ ಗಾಳಿಯ ಒತ್ತಡದ ಏರಿಳಿತ. ಸೆಕೆಂಡಿಗೆ 20ರಿಂದ ಸುಮಾರು 200 ಸಲ ಏರಿಳಿಯುವ ಶಬ್ದವನ್ನು ಬೇಸ್ ಎನ್ನುತ್ತೇವೆ. ಬಯಲಿನಲ್ಲಿ ಇಂಥ ಶಬ್ದ ಹೊರಡಿಸುವುದು ಸುಲಭವಲ್ಲ. 80 ಹರ್ಟ್ಸ್‌ನ, ಅಂದರೆ ಸೆಕೆಂಡಿಗೆ 80 ಸಲ ಏರಿಳಿಯುವ, ಸ್ವರವನ್ನು ಅದೇ ಜೋರಿನಲ್ಲಿ 40 ಹರ್ಟ್ಸ್‌ಗೆ ಇಳಿಸಬೇಕಾದರೆ ಸ್ಪೀಕರಿನ ಕೋನ್ ನಾಲ್ಕು ಪಟ್ಟು ದೂರ ಹಿಂದೆ ಮುಂದೆ ಓಡಬೇಕು. 20ಕ್ಕೆ ಇಳಿಸಿದರೆ ಹದಿನಾರು ಪಟ್ಟು.

ಢೋಲು ಈ ಕಷ್ಟವನ್ನು ತನ್ನ ಗಾತ್ರದಿಂದಲೇ ಗೆಲ್ಲುತ್ತದೆ. ಒಂದೂವರೆ ಅಡಿ ಅಗಲದ ಮುಚ್ಚಿಗೆ ಸ್ವಲ್ಪವೇ ಕುಸಿದರೂ ಬಹಳಷ್ಟು ಗಾಳಿ ತಳ್ಳುತ್ತದೆ. ಕಾರಿನ ಬಾಗಿಲಲ್ಲಿ ಕೂರುವ ಆರೂವರೆ ಇಂಚಿನ ಸ್ಪೀಕರಿನಲ್ಲಿ ನಿಜವಾಗಿ ಅಲುಗುವ ಕೋನಿನ ವ್ಯಾಸ ಸುಮಾರು 13 ಸೆಂ.ಮೀ. ಮಾತ್ರ, ಅದರ ವಿಸ್ತೀರ್ಣ ಢೋಲಿನ ಹತ್ತನೇ ಒಂದು ಪಾಲಿಗೂ ಕಡಿಮೆ. ಕಂಪನಿ ಸ್ಪೀಕರಿನ ಕೋನ್ ಹಿಂದೆ ಮುಂದೆ ಓಡಬಲ್ಲ ದೂರವೋ ಕೆಲವೇ ಮಿಲಿಮೀಟರ್. ಬಯಲಿನ ಲೆಕ್ಕದಲ್ಲಿ ಇಂಥ ಸ್ಪೀಕರಿನಿಂದ ಎದೆಗೆ ತಾಗುವ ಬೇಸ್ ಬರುವಂತೆಯೇ ಇಲ್ಲ. ಆದರೆ ಕಾರು ಬಯಲಲ್ಲ.

ಗುಹೆ ಮತ್ತು ಕ್ಯಾಬಿನ್

ರಾಷ್ಟ್ರಕೂಟರ ಒಂದನೇ ಕೃಷ್ಣನ ಕಾಲದ ಕೈಲಾಸ ದೇವಾಲಯ ನೋಡಲು ಸಂಭಾಜಿನಗರದ ಹತ್ತಿರದ ಎಲ್ಲೋರಕ್ಕೆ ಹೋಗುವ ಕನ್ನಡಿಗರು, ಅಲ್ಲಿನ ಹತ್ತನೇ ಗುಹೆಗೂ ಹೊಕ್ಕು ಬರುತ್ತಾರೆ. ವಿಶ್ವಕರ್ಮ ಗುಹೆ ಎಂದು ಹೆಸರಾದ ಈ ಬೌದ್ಧ ಚೈತ್ಯ ಸುಮಾರು 25 ಮೀಟರ್ ಉದ್ದದ, ಕಮಾನು ಚಾವಣಿಯ ಕಲ್ಲಿನ ಹಜಾರ. ಒಳಗೆ ಓಂಕಾರ ಹೇಳಿದರೆ ದನಿ ಗೋಡೆಯಿಂದ ಗೋಡೆಗೆ ಅಲೆಯುತ್ತ ಬಹಳ ಹೊತ್ತು ಉಳಿಯುತ್ತದೆ. ನಾವು ಕೇಳಬಲ್ಲ ಅಲೆಗಳಿಗೆಲ್ಲ ಅಲ್ಲಿ ಓಡಾಡಲು ಜಾಗವಿದೆ.

ಕಾರಿನೊಳಗೆ ಅಂಥ ಜಾಗವಿಲ್ಲ. 50 ಹರ್ಟ್ಸ್‌ನ ಅಲೆಯ ಉದ್ದ ಸುಮಾರು 7 ಮೀಟರ್. ಕ್ಯಾಬಿನ್ನಿನ ಉದ್ದ ಎರಡೂವರೆ ಮೀಟರಿನ ಆಸುಪಾಸು. ಅರ್ಧ ಅಲೆಯೂ ಹಿಡಿಸದ ಡಬ್ಬಿಯಲ್ಲಿ ಅಲೆ ಓಡಾಡುವ ಮಾತೇ ಇಲ್ಲ. ಸುಮಾರು 70 ಹರ್ಟ್ಸ್‌ಗಿಂತ ಕೆಳಗೆ ಇಡೀ ಕ್ಯಾಬಿನ್ನಿನ ಗಾಳಿ ಒಟ್ಟಿಗೇ ಹಿಗ್ಗುತ್ತದೆ, ಒಟ್ಟಿಗೇ ಕುಗ್ಗುತ್ತದೆ. ಇಲ್ಲಿ ನಿಯಮವೇ ಬದಲಾಗುತ್ತದೆ. ಸ್ವರ ಎಷ್ಟು ಕೆಳಗಿಳಿದರೂ ಕೋನ್ ಹೆಚ್ಚು ದೂರ ಓಡಬೇಕಾಗಿಲ್ಲ. ಅದು ಎಷ್ಟು ಗಾಳಿ ತಳ್ಳಿತು, ಕ್ಯಾಬಿನ್ನಿನಲ್ಲಿ ಒಟ್ಟು ಎಷ್ಟು ಗಾಳಿಯಿದೆ ಎಂಬುದಷ್ಟೇ ಲೆಕ್ಕ. ಕಾರ್ ಆಡಿಯೊದವರು ಇದಕ್ಕೆ ಕ್ಯಾಬಿನ್ ಗೇನ್ ಎನ್ನುತ್ತಾರೆ.

ಒಂದು ಲೆಕ್ಕ ಹಾಕೋಣ. ಮುಂದಿನ ಎರಡು ಸ್ಪೀಕರುಗಳ ಕೋನ್ 3 ಮಿ.ಮೀ. ಮುಂದೆ ಬಂದರೆ ಸುಮಾರು 80 ಘನ ಸೆಂಟಿಮೀಟರ್ ಗಾಳಿ ತಳ್ಳುತ್ತವೆ. ಅದು ಅರ್ಧ ಲೋಟದಷ್ಟೂ ಅಲ್ಲ. ಆದರೆ ಕ್ಯಾಬಿನ್ 3 ಘನ ಮೀಟರಿನದಾಗಿದ್ದು, ಒಂದಿಷ್ಟೂ ಸೋರದೆ, ಗೋಡೆಗಳು ಕದಲದೆ ಇದ್ದರೆ ಅಷ್ಟೇ ಗಾಳಿಯಿಂದ 100 ಡೆಸಿಬೆಲ್‌ಗೂ ಮಿಕ್ಕ ಬೇಸ್ ಹುಟ್ಟಬೇಕು. ನಿಜವಾದ ಕಾರಿನಲ್ಲಿ ಅಷ್ಟು ಸಿಗುವುದಿಲ್ಲ. ತಗಡು ಬಾಗುತ್ತದೆ, ಗಾಜು ನಡುಗುತ್ತದೆ, ಸಂದುಗಳಲ್ಲಿ ಗಾಳಿ ನುಸುಳುತ್ತದೆ. ಆದರೂ ಈ ಲೆಕ್ಕದಿಂದ ಒಂದು ವಿಷಯ ಖಚಿತವಾಗುತ್ತದೆ. ಸಣ್ಣ ಸ್ಪೀಕರ್ ಅಂದುಕೊಂಡಷ್ಟು ಬಡಪಾಯಿಯಲ್ಲ. ಬೇಸ್ ಕಡಿಮೆಯಾದರೆ ಮೊದಲ ಅನುಮಾನ ಸೋರಿಕೆಯ ಮೇಲಿರಬೇಕು. ಬೇಕಾದರೆ ಹಾಡು ಹಾಕಿ, ನಾಲ್ಕೂ ಗಾಜುಗಳನ್ನು ಇಳಿಸಿ ನೋಡಿ. ಮೊದಲು ಸೊರಗುವುದು ಬೇಸ್.

ಬಾಗಿಲೆಂಬ ತೂತು ಡಬ್ಬಿ

ಕೋನ್ ಮುಂದಕ್ಕೆ ಗಾಳಿ ಒತ್ತುವಾಗ ಅದರ ಬೆನ್ನ ಹಿಂದೆ ಅಷ್ಟೇ ಗಾಳಿ ತೆಳುವಾಗುತ್ತದೆ. ಮುಂದಿನ ಒತ್ತಡಕ್ಕೂ ಹಿಂದಿನ ಕೊರತೆಗೂ ನಡುವೆ ದಾರಿ ಸಿಕ್ಕರೆ ಒಂದನ್ನೊಂದು ತುಂಬಿಕೊಂಡು ಸೊನ್ನೆಯಾಗುತ್ತವೆ. ಬೆರಳಿಟ್ಟು ಬಾಯಿ ಮುಚ್ಚದ ಸೈಕಲ್ ಪಂಪನ್ನು ಎಷ್ಟು ಒತ್ತಿದರೂ ಕೈಗೆ ಬಿಗಿ ಹತ್ತುವುದಿಲ್ಲವಲ್ಲ, ಇದೂ ಹಾಗೆಯೇ. ಎತ್ತರದ ಸ್ವರಗಳಿಗೆ ಇದರಿಂದ ಹೆಚ್ಚು ನಷ್ಟವಿಲ್ಲ. ಗಾಳಿ ಸುತ್ತಿ ಬರುವಷ್ಟರಲ್ಲಿ ಕೋನ್ ದಿಕ್ಕು ಬದಲಿಸಿಬಿಟ್ಟಿರುತ್ತದೆ. ಪೆಟ್ಟು ಬೀಳುವುದು ಬೇಸ್‌ಗೆ ಮಾತ್ರ. ಹಾಡುಗಾರರ ದನಿ, ತಾಳ, ಪಿಟೀಲು ಎಲ್ಲ ಸರಿಯಿದ್ದು ಬೇಸ್ ಒಂದೇ ಕಾಣೆಯಾಗುವ ಗುಟ್ಟು ಇದು.

ಮನೆಯ ಸ್ಪೀಕರಿಗೆ ಮುಚ್ಚಿದ ಪೆಟ್ಟಿಗೆಯಿದೆ. ಕಾರಿನ ಸ್ಪೀಕರಿಗೆ ಬಾಗಿಲೇ ಪೆಟ್ಟಿಗೆ. ಈ ಬಾಗಿಲೋ, ನೀರು ಹರಿಯಲೆಂದೇ ಮಾಡಿದ್ದು. ನಾಸಿಕ ಜಿಲ್ಲೆಯ ಇಗತಪುರಿಯ ಮಳೆಯಲ್ಲಿ ನಿಂತ ಕಾರನ್ನು ನೆನೆಯಿರಿ: ಗಾಜಿನ ಮೇಲಿನ ನೀರು ರಬ್ಬರ್ ಪಟ್ಟಿ ದಾಟಿ ಬಾಗಿಲಿನ ಹೊಟ್ಟೆಗೆ ಇಳಿಯುತ್ತದೆ, ಕೆಳಗಿನ ಸಣ್ಣ ತೂತುಗಳಿಂದ ಹೊರಗೆ ಹೋಗುತ್ತದೆ. ಒಳಬದಿಯ ತಗಡಿನಲ್ಲಿ ಗಾಜು ಏರಿಳಿಸುವ ಮಷೀನು, ಲಾಕು, ವೈರುಗಳಿಗೆಂದು ಅಂಗೈ ಅಗಲದ ಕಿಂಡಿಗಳಿರುತ್ತವೆ. ಈ ಕಿಂಡಿಗಳನ್ನು ಮುಚ್ಚಲು ಕಂಪನಿಯವರು ಒಂದು ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತಾರೆ. ನೀರನ್ನೂ ಸ್ಪೀಕರಿನ ಹಿಂಬದಿಯ ಗಾಳಿಯನ್ನೂ ಕ್ಯಾಬಿನ್ನಿಗೆ ಬಾರದಂತೆ ತಡೆಯುವುದು ಈ ಹಾಳೆಯೇ.

ಪವರ್ ವಿಂಡೋ ರಿಪೇರಿಗೆ ಬಾಗಿಲಿನ ಒಳಹೊದಿಕೆಯಾದ ಡೋರ್ ಪ್ಯಾಡ್ ಬಿಚ್ಚಿದ ಮೆಕ್ಯಾನಿಕ್ ಈ ಹಾಳೆಯನ್ನು ಹರಿದು ಬಿಟ್ಟರೆ, ಅಥವಾ ಅಂಟು ಒಣಗಿ ಅದು ಜೋತುಬಿದ್ದರೆ, ಬೇಸ್ ಅಲ್ಲಿಂದಲೇ ಮಾಯ. ಸ್ಪೀಕರಿಗೂ ತಗಡಿಗೂ ನಡುವಿನ ಫೋಮ್ ಪಟ್ಟಿ ಸವೆದರೂ ಇದೇ ಗತಿ. ಹೊಸ ಸ್ಪೀಕರ್ ಹಾಕಿಸಿದ ಮೇಲೂ ಬೇಸ್ ಬರಲಿಲ್ಲ ಎನ್ನುವವರು ಮೊದಲು ನೋಡಬೇಕಾದ ಜಾಗ ಇದು. ಪರಿಹಾರ ಅಗ್ಗ: ಹಾಳೆಯನ್ನು ಸರಿಯಾಗಿ ಅಂಟಿಸುವುದು, ಸ್ಪೀಕರಿನ ಸುತ್ತ ಫೋಮ್ ಪಟ್ಟಿ ಕೂರಿಸುವುದು, ಹೊರತಗಡಿಗೆ ಡ್ಯಾಂಪಿಂಗ್ ಶೀಟ್ ಹಾಕುವುದು. ಶೀಟ್ ಕೊಳ್ಳುವಾಗ ಬ್ಯುಟೈಲ್ ರಬ್ಬರಿನದ್ದನ್ನೇ ಕೇಳಿ. ಅಗ್ಗದ ಡಾಂಬರು ಶೀಟು ಸಂಭಾಜಿನಗರವಿರುವ ಮರಾಠವಾಡದಂಥ ಕಡೆಯ ಬೇಸಿಗೆಯಲ್ಲಿ ಮೆತ್ತಗಾಗಿ, ವಾಸನೆ ಬಿಟ್ಟು, ಕಳಚಿ ಬೀಳುತ್ತದೆ.

ಇಲ್ಲಿ ಎರಡು ಎಚ್ಚರಿಕೆ. ಬಾಗಿಲಿನ ತಳದ ನೀರಿನ ತೂತುಗಳನ್ನು ಎಂದೂ ಮುಚ್ಚಬಾರದು. ಮುಚ್ಚಿದರೆ ಬಾಗಿಲು ಒಳಗಿಂದ ತುಕ್ಕು ಹಿಡಿಯುತ್ತದೆ. ಎರಡನೆಯದು, ಕೆಲವು ಕಾರುಗಳಲ್ಲಿ ಪಕ್ಕದ ಏರ್‌ಬ್ಯಾಗ್ ಬಿಚ್ಚಿಕೊಳ್ಳಲು ಬಾಗಿಲಿನೊಳಗಿನ ಗಾಳಿಯ ಒತ್ತಡ ಅಳೆಯುವ ಸೆನ್ಸರ್ ಇರುತ್ತದೆ. ಅಂಥ ಕಾರಿನಲ್ಲಿ ತಗಡು ಕೊರೆಯುವುದು, ದೊಡ್ಡ ಸ್ಪೀಕರಿಗೆಂದು ಕಿಂಡಿ ಅಗಲಿಸುವುದು ಜೀವದ ಜೊತೆ ಆಟ. ಬಾಗಿಲಿಗೆ ಕೈಹಾಕುವ ಮೊದಲು ಕಾರಿನ ಕೈಪಿಡಿ ಓದಿ.

ಸ್ಪೀಕರು ಎಲ್ಲ ಕಾರಿನಲ್ಲೂ ಬಾಗಿಲಲ್ಲೇ ಇರುವುದಿಲ್ಲ. 2020ರ ಥಾರ್‌ನಲ್ಲಿ ಸ್ಪೀಕರುಗಳನ್ನು ಚಾವಣಿಗೆ ಕೂರಿಸಿದ್ದರು. 2024ರ ಥಾರ್ ರಾಕ್ಸ್‌ನ ದುಬಾರಿ ಮಾದರಿಗಳಿಗೆ 9 ಸ್ಪೀಕರುಗಳ ಹರ್ಮನ್ ಕಾರ್ಡನ್ ವ್ಯವಸ್ಥೆ ಬಂತು. ಒಂದೇ ಹೆಸರಿನ ಕಾರಿನಲ್ಲೂ ದರ್ಜೆ ಬದಲಾದರೆ ಸ್ಪೀಕರಿನ ಸಂಖ್ಯೆ, ಜಾಗ, ಆಂಪ್ಲಿಫೈಯರ್ ಎಲ್ಲ ಬದಲಾಗಬಹುದು. ಆದ್ದರಿಂದ ಪಕ್ಕದ ಮನೆಯ ಕಾರಿನ ಬೇಸ್‌ಗೆ ಹೋಲಿಸಿ ನಮ್ಮದು ಕೆಟ್ಟಿದೆ ಎಂದು ತೀರ್ಮಾನಿಸುವ ಮುನ್ನ ಎರಡೂ ಒಂದೇ ದರ್ಜೆಯವೇ ಎಂದು ನೋಡಬೇಕು.

ಎರಡು ಸ್ಪೀಕರುಗಳ ಜಗಳ

ಬೇಸ್ ತನ್ನನ್ನು ತಾನೇ ಅಳಿಸಿಕೊಳ್ಳಲು ಇನ್ನೊಂದು ದಾರಿಯಿದೆ. ಸ್ಪೀಕರಿಗೆ ಎರಡು ವೈರು, ಪ್ಲಸ್ ಮತ್ತು ಮೈನಸ್. ಎಡ ಬಾಗಿಲಿನವು ಸರಿಯಿದ್ದು ಬಲ ಬಾಗಿಲಿನವು ಅದಲುಬದಲಾದರೆ ಒಂದು ಕೋನ್ ಗಾಳಿಯನ್ನು ಒತ್ತುವಾಗ ಇನ್ನೊಂದು ಎಳೆದುಕೊಳ್ಳುತ್ತದೆ. ಸರಿಯಾಗಿ ಜೋಡಿಸಿದ್ದರೆ ಎರಡೂ ಸೇರಿ ಬೇಸ್‌ನ ಒತ್ತಡ ಇಮ್ಮಡಿಯಾಗಬೇಕಿತ್ತು, ಅಂದರೆ 6 ಡೆಸಿಬೆಲ್ ಏರಬೇಕಿತ್ತು. ಈಗ ಹೆಚ್ಚುಕಮ್ಮಿ ಸೊನ್ನೆ. ಕಾರ್ಖಾನೆಯಲ್ಲಿ ವೈರು ಜೋಡಿಸುವ ಕಪ್ಲರ್ ಉಲ್ಟಾ ಕೂರುವಂತಿಲ್ಲದ ಕಾರಣ ಅಲ್ಲಿ ಇದು ಅಪರೂಪ. ಹೊರಗೆ ಸ್ಪೀಕರ್ ಅಥವಾ ಸ್ಟೀರಿಯೊ ಬದಲಿಸಿದ ಕಾರುಗಳಲ್ಲಿ ಮಾತ್ರ ಇದನ್ನು ತಪ್ಪದೆ ನೋಡಬೇಕು.

ಪರೀಕ್ಷೆಗೆ ಖರ್ಚಿಲ್ಲ. ಮುಂದಿನ–ಹಿಂದಿನ ಸ್ಪೀಕರುಗಳ ಪಾಲು ಬದಲಿಸುವ ಫೇಡರನ್ನು ಪೂರ್ತಿ ಮುಂದಕ್ಕೆ ಒಯ್ದು, ಬೇಸ್ ಇರುವ ಹಾಡು ಹಾಕಿ, ಎರಡು ಮುಂದಿನ ಸೀಟುಗಳ ನಡುವೆ ತಲೆಯಿಟ್ಟು ಕೇಳಿ. ಈಗ ಎಡ–ಬಲದ ಪಾಲು ಬದಲಿಸುವ ಬ್ಯಾಲೆನ್ಸನ್ನು ಪೂರ್ತಿ ಎಡಕ್ಕೆ ಎಳೆಯಿರಿ. ಒಂದೇ ಸ್ಪೀಕರ್ ಹಾಡುವಾಗ ಬೇಸ್ ಹೆಚ್ಚಾದರೆ ಎರಡೂ ಜಗಳವಾಡುತ್ತಿವೆ ಎಂದೇ ಅರ್ಥ. ಮುಂದಿನ ಜೋಡಿಗೂ ಹಿಂದಿನ ಜೋಡಿಗೂ ನಡುವೆ ಇಂಥದೇ ಜಗಳವಿದೆಯೇ ಎಂದು ಫೇಡರಿನಿಂದ ತಿಳಿಯಬಹುದು. ಯಾವುದು ಉಲ್ಟಾ ಎಂದು ಕಂಡುಹಿಡಿಯಲು ಗೋಡೆ ಗಡಿಯಾರದ 1.5 ವೋಲ್ಟ್ ಸೆಲ್ ಸಾಕು. ಸ್ಪೀಕರಿನ ವೈರನ್ನು ಸ್ಟೀರಿಯೊದಿಂದ ಬಿಡಿಸಿ, ಸೆಲ್ಲಿನ ಪ್ಲಸ್ಸನ್ನು ಸ್ಪೀಕರಿನ ಪ್ಲಸ್ಸಿಗೆ, ಮೈನಸ್ಸನ್ನು ಮೈನಸ್ಸಿಗೆ ಕ್ಷಣ ಮಾತ್ರ ತಾಗಿಸಿ. ಕೋನ್ ಹೊರಕ್ಕೆ ಚಿಮ್ಮಬೇಕು. ಹೊರಗಿನ ಸ್ಟೀರಿಯೊಗಳಲ್ಲಿ ಸಾಮಾನ್ಯವಾಗಿ ಬಿಳಿ ವೈರು ಮುಂದಿನ ಎಡಕ್ಕೆ, ಬೂದು ಮುಂದಿನ ಬಲಕ್ಕೆ, ಹಸಿರು ಹಿಂದಿನ ಎಡಕ್ಕೆ, ನೇರಳೆ ಹಿಂದಿನ ಬಲಕ್ಕೆ; ಕಪ್ಪು ಗೆರೆಯಿದ್ದರೆ ಅದು ಮೈನಸ್.

ಮಲ್ಟಿಮೀಟರ್ ಇದ್ದರೆ ಸ್ಪೀಕರಿನ ಆರೋಗ್ಯವನ್ನೂ ನೋಡಿಬಿಡಿ. 4 ಓಮ್ ಎಂದು ಬರೆದ ಸ್ಪೀಕರು ಮೀಟರಿನಲ್ಲಿ ಮೂರು, ಮೂರೂವರೆ ಓಮ್ ತೋರಿಸಿದರೆ ಸರಿ. ಮುಳ್ಳು ಕದಲದಿದ್ದರೆ ಕಾಯಿಲ್ ಸುಟ್ಟಿದೆ ಅಥವಾ ವೈರು ತುಂಡಾಗಿದೆ. ಮಳೆನೀರು ಕುಡಿದ ಕಾಗದದ ಕೋನ್, ಅಂಚಿನಲ್ಲಿ ಹರಿದ ಫೋಮ್ ಕಣ್ಣಿಗೇ ಕಾಣುತ್ತವೆ. ಇಂಥವನ್ನು ಬದಲಿಸದೆ ವಿಧಿಯಿಲ್ಲ.

50 ವಾಟಿನ ಲೆಕ್ಕ

ಸ್ಟೀರಿಯೊ ಡಬ್ಬಿಯ ಮೇಲೆ 4×50 ವಾಟ್ ಎಂದು ಅಚ್ಚಾಗಿರುತ್ತದೆ. ಈ ಸಂಖ್ಯೆ ಎಲ್ಲಿಂದ ಬಂತು? ಎಂಜಿನ್ ಓಡುವಾಗ ಕಾರಿನ ವಿದ್ಯುತ್ತು ಸುಮಾರು 14.4 ವೋಲ್ಟ್. ಸ್ಟೀರಿಯೊದೊಳಗಿನ ಆಂಪ್ಲಿಫೈಯರ್ ಚಿಪ್ ಅದನ್ನು ಮೀರಿ ಏರಲಾರದು. 14.4ರ ವರ್ಗವನ್ನು 4 ಓಮಿನಿಂದ ಭಾಗಿಸಿದರೆ ಸರಿಸುಮಾರು 52. ಆದರೆ ಅಷ್ಟು ಸಿಗಬೇಕಾದರೆ ಸಂಕೇತ ಚೌಕಾಕಾರದ್ದಿರಬೇಕು, ಅಂದರೆ ಸಂಗೀತವೆಲ್ಲ ಒಡೆದು ಗರಗರ ಎನ್ನಬೇಕು. ಶುದ್ಧ ಸ್ವರಕ್ಕೆ ಅದರ ಅರ್ಧ, 26 ವಾಟ್; ಚಿಪ್ಪಿನ ಒಳನಷ್ಟ ಕಳೆದರೆ ಇಪ್ಪತ್ತರ ಆಸುಪಾಸು.

ಇಷ್ಟೇ ಬಂಡವಾಳದಲ್ಲಿ ಬೇಸ್ ಗುಂಡಿಯನ್ನು 10 ಡೆಸಿಬೆಲ್ ಏರಿಸಿದರೆ ಬೇಸ್‌ಗೆ ಹತ್ತು ಪಟ್ಟು ವಾಟ್ ಬೇಕು. ಎರಡು ವಾಟಿನಲ್ಲಿ ನುಡಿಯುತ್ತಿದ್ದದ್ದು ಇಪ್ಪತ್ತು ಕೇಳುತ್ತದೆ, ಖಜಾನೆ ಅಲ್ಲಿಗೇ ಬರಿದು. ಅದರ ಮೇಲೆ ವಾಲ್ಯೂಮ್ ಏರಿಸಿದರೆ ಸಿಗುವುದು ಒಡಕು ದನಿ, ಕೊನೆಗೆ ಸುಟ್ಟ ಟ್ವೀಟರ್, ಅಂದರೆ ಎತ್ತರದ ಸ್ವರಗಳ ಸಣ್ಣ ಸ್ಪೀಕರು.

ಕಾರಿನ ಕಂಪನಿಗಳಿಗೆ ಇದು ಚೆನ್ನಾಗಿ ಗೊತ್ತು. ಆದ್ದರಿಂದ ಅನೇಕ ಕಂಪನಿ ಸ್ಟೀರಿಯೊಗಳು ವಾಲ್ಯೂಮ್ ಏರಿದ ಹಾಗೆ ಬೇಸನ್ನು ತಾವೇ ಸದ್ದಿಲ್ಲದೆ ತಗ್ಗಿಸುತ್ತವೆ. ಸಣ್ಣ ಸ್ಪೀಕರು ಹರಿಯದಿರಲಿ ಎಂಬ ಕಾಳಜಿ. ಮೆಲ್ಲನೆ ಹಾಕಿದಾಗ ತುಂಬಿಕೊಂಡಿದ್ದ ಬೇಸ್ ಜೋರಾಗಿ ಹಾಕಿದಾಗ ತೆಳುವಾದರೆ ಅದು ಕೆಟ್ಟದ್ದಲ್ಲ, ಆಜ್ಞೆಗೆ ತಲೆಬಾಗಿದ್ದು. ಸ್ಪೀಕರ್ ಬದಲಿಸಿದರೆ ಈ ಆಜ್ಞೆ ಬದಲಾಗದು. ವೂಫರ್ ಹಾಕುವವರು ಇದನ್ನು ಸರಿದೂಗಿಸುವ ಪ್ರೊಸೆಸರ್ ಬೇಕೇ ಎಂದು ಅಂಗಡಿಯಲ್ಲಿ ಮೊದಲೇ ಕೇಳಬೇಕು.

ಬ್ಲೂಟೂತ್ ಇನ್ನೊಂದು ಅನುಮಾನಿತ. ಫೋನ್ ಕರೆಗೆ ಅದು ಬಳಸುವ ದಾರಿಯೇ ಬೇರೆ, ಸಂಗೀತಕ್ಕೆ ಬೇರೆ. ಹಳೆಯ ಬಗೆಯ ಕರೆದಾರಿಯಲ್ಲಿ ಸುಮಾರು 300 ಹರ್ಟ್ಸ್‌ಗಿಂತ ಕೆಳಗಿನದೆಲ್ಲ ಕತ್ತರಿಸಿಹೋಗುತ್ತದೆ. ಕರೆ ಮುಗಿದ ಮೇಲೂ ಕಾರು ಆ ದಾರಿಯಲ್ಲೇ ಸಿಕ್ಕಿಕೊಂಡರೆ ಹಾಡೆಲ್ಲ ಟೆಲಿಫೋನಿನೊಳಗಿಂದ ಬಂದಂತೆ ಕೇಳುತ್ತದೆ. ಅದೇ ಹಾಡನ್ನು ಪೆನ್ ಡ್ರೈವಿನಿಂದ ಹಾಕಿ ನೋಡಿದರೆ ತೀರ್ಪು ಸಿಕ್ಕಿತು. ಫೋನಿನಲ್ಲಿ ಮರೆತುಬಿಟ್ಟ ಈಕ್ವಲೈಸರನ್ನೂ ಒಮ್ಮೆ ತೆರೆದು ನೋಡಿ.

ಕಿವಿ, ರಸ್ತೆ, ಮೃದಂಗ

ಕಾರೆಲ್ಲ ಸರಿಯಿದ್ದೂ ಬೇಸ್ ಕೇಳದಿರಬಹುದು, ಏಕೆಂದರೆ ಮನುಷ್ಯನ ಕಿವಿಗೆ ಬೇಸ್ ವಿರುದ್ಧ ಪಕ್ಷಪಾತವಿದೆ. ಇದನ್ನು 1933ರಲ್ಲಿ ಅಮೆರಿಕದ ಫ್ಲೆಚರ್ ಮತ್ತು ಮನ್ಸನ್ ಅಳೆದು ತೋರಿಸಿದರು. ಇಂದಿನ ಅಂತರರಾಷ್ಟ್ರೀಯ ಮಾನಕದ ಪ್ರಕಾರ 1,000 ಹರ್ಟ್ಸ್‌ನ ಸ್ವರ 2 ಡೆಸಿಬೆಲ್ ಇದ್ದರೂ ಕೇಳಲಾರಂಭಿಸುತ್ತದೆ; 50 ಹರ್ಟ್ಸ್‌ನದು ಕೇಳಬೇಕಾದರೆ 44 ಡೆಸಿಬೆಲ್ ಬೇಕು. ವಾಲ್ಯೂಮ್ ತಗ್ಗಿಸಿದಾಗ ಮೊದಲು ಮರೆಯಾಗುವುದು ಬೇಸ್. ಕೆಲವು ಸ್ಟೀರಿಯೊಗಳಲ್ಲಿರುವ ಲೌಡ್‌ನೆಸ್ ಗುಂಡಿ ಇದನ್ನು ಸರಿದೂಗಿಸಲೆಂದೇ ಇದೆ.

ರಸ್ತೆ ಸೇರಿದರೆ ಸಮಸ್ಯೆ ಇಮ್ಮಡಿ. ನಾಸಿಕ ಮತ್ತು ಸಂಭಾಜಿನಗರ ಜಿಲ್ಲೆಗಳನ್ನು ಹಾದುಹೋಗುವ 701 ಕಿ.ಮೀ. ಉದ್ದದ ಮುಂಬೈ–ನಾಗಪುರ ಸಮೃದ್ಧಿ ಮಹಾಮಾರ್ಗ 2025ರ ಜೂನ್‌ನಲ್ಲಿ ಪೂರ್ತಿಯಾಗಿ ತೆರೆಯಿತು. ಕಾಂಕ್ರೀಟು ಹಾಸಿನ ಈ ರಸ್ತೆಯಲ್ಲಿ ಕಾರಿಗೆ ಗಂಟೆಗೆ 120 ಕಿ.ಮೀ. ಮಿತಿ. ಆ ವೇಗದಲ್ಲಿ ಟೈರು, ಗಾಳಿ, ಎಂಜಿನ್ ಹೊರಡಿಸುವ ಗದ್ದಲದ ಬಹುಪಾಲು ಶಕ್ತಿ ಇರುವುದು ಕೆಳಗಿನ ಸ್ವರಗಳಲ್ಲೇ. ಹತ್ತಿರದ ಸ್ವರದ ಜೋರು ಸದ್ದು ಮೆಲ್ಲನೆಯದನ್ನು ಮುಚ್ಚಿಹಾಕುತ್ತದೆ. ಕಾರಿನ ಗದ್ದಲ ನುಂಗುವುದು ಹಾಡಿನ ಬೇಸನ್ನು. ಆದ್ದರಿಂದ ನಿಂತ ಕಾರಿನಲ್ಲಿ, ಎಂಜಿನ್ ಆರಿಸಿ, ಗಾಜು ಏರಿಸಿ ಕೇಳಿದ ಮೇಲಷ್ಟೇ ದೂರು ಬರೆದುಕೊಳ್ಳಬೇಕು. ನಿಂತಾಗ ಚೆನ್ನಾಗಿದ್ದು ಓಡುವಾಗ ಇಲ್ಲವಾದರೆ ಸ್ಪೀಕರು ತಪ್ಪಿತಸ್ಥನಲ್ಲ. ಟೈರಿನ ಸವೆತ, ಬಾಗಿಲಿನ ರಬ್ಬರ್ ಬೀಡಿಂಗ್ ನೋಡಿ.

ಪರೀಕ್ಷೆಗೆ ಯಾವ ಸಂಗೀತ ಹಾಕಬೇಕು? ನಮ್ಮಲ್ಲಿ ಹಲವರು ಮೃದಂಗವನ್ನೋ ತಬಲಾವನ್ನೋ ಹಾಕಿ ನೋಡುತ್ತಾರೆ. ಅದು ದಾರಿ ತಪ್ಪಿಸಬಹುದು. ಬರೀ ತೊಗಲಿನ ವಾದ್ಯದಲ್ಲಿ ಮೂಲಸ್ವರದ ಜೊತೆಗಿನ ಉಪಸ್ವರಗಳು ಎರಡು ಪಟ್ಟು, ಮೂರು ಪಟ್ಟು ಎಂಬ ಲೆಕ್ಕಕ್ಕೆ ಸಿಗುವುದಿಲ್ಲ. ಮೃದಂಗ, ತಬಲಾಗಳ ಕಪ್ಪು ಕರಣೆ ಅವನ್ನು ಆ ಲೆಕ್ಕಕ್ಕೆ ತರುತ್ತದೆ ಎಂದು ಸಿ.ವಿ. ರಾಮನ್ 1920ರಲ್ಲಿ ತೋರಿಸಿದರು. ಬೆಂಗಳೂರಿಗೆ ಬಂದ ಮೇಲೆ 1934ರಲ್ಲಿ ಮತ್ತೆ ವಿವರವಾಗಿ ಬರೆದರು. ಈ ಲೆಕ್ಕಬದ್ಧ ಉಪಸ್ವರಗಳು ಕಿವಿಗೆ ಬಿದ್ದರೆ ಸಾಕು, ಮೂಲಸ್ವರ ಇಲ್ಲದಿದ್ದರೂ ಅದರ ಶ್ರುತಿಯನ್ನು ಮಿದುಳು ತಾನೇ ತುಂಬಿಕೊಳ್ಳುತ್ತದೆ. ಅಂಗೈಯಗಲದ ರೇಡಿಯೊದಲ್ಲೂ ಮೃದಂಗದ ಶ್ರುತಿ ಗುರುತು ಸಿಗುವುದಕ್ಕೆ ಇದೂ ಒಂದು ಕಾರಣ. ಆದ್ದರಿಂದ ಬೇಸ್ ಪರೀಕ್ಷೆಗೆ ಶುದ್ಧ ಸ್ವರಗಳನ್ನು ಬಳಸಿ. ಫೋನಿನ ಟೋನ್ ಜನರೇಟರ್ ಆ್ಯಪ್‌ನಲ್ಲಿ, ಸಣ್ಣ ವಾಲ್ಯೂಮಿನಲ್ಲಿ, 100ರಿಂದ ಆರಂಭಿಸಿ 80, 60, 50, 40 ಹರ್ಟ್ಸ್ ಎಂದು ಇಳಿಯಿರಿ. ಎಲ್ಲಿ ಸದ್ದು ಕುಸಿಯುತ್ತದೆ, ಎಲ್ಲಿ ಡೋರ್ ಪ್ಯಾಡ್ ಗಡಗಡ ಎನ್ನುತ್ತದೆ ಎಂದು ಗುರುತು ಹಾಕಿಕೊಳ್ಳಿ. ಹೀಗೆ ಬರೆದುಕೊಂಡ ಚೀಟಿ ಕೈಯಲ್ಲಿದ್ದರೆ ಮೆಕ್ಯಾನಿಕ್ಕಿಗೆ ವಿವರಿಸುವುದೂ ಸುಲಭ, ಕೆಲಸವಾದ ಮೇಲೆ ಹೋಲಿಸಿ ನೋಡುವುದೂ ಸುಲಭ.

ಯಾವಾಗ ಹಣ ಬಿಚ್ಚಬೇಕು?

ಕ್ರಮ ಹೀಗಿರಲಿ. ಮೊದಲು ಖರ್ಚಿಲ್ಲದ್ದು: ನಿಂತ ಕಾರು, ಮುಚ್ಚಿದ ಗಾಜು, ಪೆನ್ ಡ್ರೈವ್, ಸೊನ್ನೆಗೆ ತಂದ ಈಕ್ವಲೈಸರ್. ಆಮೇಲೆ ಬ್ಯಾಲೆನ್ಸ್, ಫೇಡರ್ ಪರೀಕ್ಷೆ. ಕಾರಿನಲ್ಲಿ ಕಂಪನಿಯೇ ಕೊಟ್ಟ ವೂಫರ್ ಇದ್ದರೆ ಅದರ ಮೇಲೆ ಸಾಮಾನು ಬಿದ್ದಿದೆಯೇ, ಪ್ರತ್ಯೇಕ ಆಂಪ್ ಇದ್ದರೆ ಅದರ ಫ್ಯೂಸ್ ಸರಿಯಿದೆಯೇ ಎಂಬುದು. ನಂತರ ಡೋರ್ ಪ್ಯಾಡ್ ಬಿಚ್ಚಿ ಹಾಳೆ, ಫೋಮ್, ಕೋನ್ ನೋಡುವುದು. ವಾರಂಟಿ ಇರುವ ಕಾರಾದರೆ ಈ ಹಂತವನ್ನು ಸರ್ವಿಸ್ ಸೆಂಟರಿಗೇ ಬಿಡಿ.

ಇಷ್ಟೆಲ್ಲ ಸರಿಯಿದ್ದೂ 60 ಹರ್ಟ್ಸ್‌ನ ಕೆಳಗೆ ಏನೂ ಇಲ್ಲವೆಂದರೆ ಅದು ದೋಷವಲ್ಲ, ಆ ಸ್ಪೀಕರಿನ ಮಿತಿ. ಆಗ ಹಣ ಹಾಕಬೇಕಾದ್ದು ಬಾಗಿಲಿನ ಹೊಸ ಸ್ಪೀಕರಿನ ಮೇಲಲ್ಲ. ಅದೇ ಗಾತ್ರದ ದುಬಾರಿ ಸ್ಪೀಕರು ತಳ್ಳುವ ಗಾಳಿ ಸ್ವಲ್ಪ ಹೆಚ್ಚಬಹುದು, ಅಷ್ಟೇ; ಕಂಪನಿ ಸ್ಟೀರಿಯೊದ ಇಪ್ಪತ್ತು ವಾಟಿನಲ್ಲಿ ಅದು ಕಂಪನಿ ಸ್ಪೀಕರಿಗಿಂತ ಮೆಲ್ಲಗೆ ನುಡಿದರೂ ಆಶ್ಚರ್ಯವಿಲ್ಲ. ಸೀಟಿನಡಿ ಕೂರುವ, ತನ್ನದೇ ಆಂಪ್ ಮತ್ತು ಮುಚ್ಚಿದ ಪೆಟ್ಟಿಗೆಯಿರುವ ಎಂಟು ಇಂಚಿನ ಸಣ್ಣ ವೂಫರ್ ಹೆಚ್ಚು ಫಲ ಕೊಡುತ್ತದೆ. ಅದರ ಹಿಂದಿನ ಗಾಳಿ ಪೆಟ್ಟಿಗೆಯಲ್ಲೇ ಬಂಧಿ, ಮುಂದಿನ ಗಾಳಿಗೆ ಕ್ಯಾಬಿನ್ ಗೇನಿನ ಬೆಂಬಲ. ಅದಕ್ಕೆ ಬ್ಯಾಟರಿಯಿಂದ ನೇರ ವೈರು ಎಳೆಸಿ, ಬ್ಯಾಟರಿಯ ಹತ್ತಿರವೇ ಫ್ಯೂಸ್ ಹಾಕಿಸಿ; ಕಂಪನಿ ವೈರನ್ನು ಕತ್ತರಿಸದೆ ಕಪ್ಲರಿನಿಂದಲೇ ಜೋಡಿಸುವವರ ಹತ್ತಿರ ಹೋಗಿ.

ಬೇಸ್ ಕಡಿಮೆ ಎಂದವರಿಗೆಲ್ಲ ವೂಫರ್ ಬೇಕಾಗುವುದಿಲ್ಲ. ಹರಿದ ಹಾಳೆ, ಉಲ್ಟಾ ವೈರು, ತಪ್ಪು ಸೆಟ್ಟಿಂಗ್ ಎಂಬ ಮೂರು ಕಳ್ಳರನ್ನು ಹುಡುಕದೆ ಅಂಗಡಿಗೆ ಹೋಗಬೇಡಿ.